ಚಿತ್ರಗಳ ಮುಕ್ತಾಯದ ಬಗ್ಗೆಯೂ ವಿಮರ್ಶೆ ಬೇಕು

ಮಾನ್ಯ ಸಂಪಾದಕರೇ,

ಹೊಸ ಚಿತ್ರವೊಂದು ತೆರೆಕಂಡಾಗ ಪತ್ರಿಕೆಗಳಲ್ಲಿ ಬರುವ ವಿಮರ್ಶೆಗಳಲ್ಲಿ ಕಥೆಯ ಎಳೆ, ನಟರ ಅಭಿನಯ, ಹಾಡು, ಛಾಯಾಗ್ರಹಣ, ಸಂಕಲನ ಎಲ್ಲದರ ಪ್ರಸ್ತಾಪವೂ ಇರುತ್ತದೆ. ಚಿತ್ರ ಹೇಗೆ ಮುಗಿಯಿತು, ಹಾಗೆ ಮುಗಿದದ್ದು ಸರಿಯೇ ಎಂಬ ಮಾತು ಮಾತ್ರ ಇರುವುದಿಲ್ಲ. ಇನ್ನೂ ನೋಡದವರ ಕುತೂಹಲವನ್ನು ಕೆಡಿಸಬಾರದೆಂಬ ಸೌಜನ್ಯವೇ ಇದಕ್ಕೆ ಕಾರಣ, ಮತ್ತು ಮೊದಲ ಕೆಲವು ವಾರಗಳ ಮಟ್ಟಿಗೆ ಆ ಸೌಜನ್ಯ ಒಪ್ಪತಕ್ಕದ್ದೇ. ಆದರೆ ಆ ಕಟ್ಟುಪಾಡು ಐವತ್ತು ವರ್ಷಗಳಾದರೂ ಸಡಿಲಗೊಳ್ಳದೆ ಉಳಿದುಬಿಟ್ಟಿರುವುದರಿಂದ, ನಮ್ಮ ಅತ್ಯುತ್ತಮ ಚಿತ್ರಗಳ ಮುಕ್ತಾಯಗಳು ಮನೆಯ ಜಗಲಿಯ ಮಾತಿನಲ್ಲಿ ಜೀವಂತವಾಗಿದ್ದರೂ ಅಚ್ಚಿನಲ್ಲಿ ಚರ್ಚೆಯಾಗುವುದು ತೀರಾ ಕಡಿಮೆ. ನಿರ್ದೇಶಕನೊಬ್ಬ ತನ್ನ ಪಾತ್ರಗಳ ಬಗ್ಗೆ ಮತ್ತು ಅವು ಬದುಕುವ ಸಮಾಜದ ಬಗ್ಗೆ ನಿಜವಾಗಿ ಏನು ತೀರ್ಮಾನಕ್ಕೆ ಬಂದಿದ್ದಾನೆಂಬುದು ತಿಳಿಯುವುದು ಕೊನೆಯ ಹತ್ತು ನಿಮಿಷಗಳಲ್ಲಿ. ಆ ಹತ್ತು ನಿಮಿಷಗಳನ್ನು ಬಿಟ್ಟು ನಡೆಸುವ ವಿಮರ್ಶೆ ಅರ್ಧ ವಿಮರ್ಶೆಯೇ ಆಗುತ್ತದೆಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

1967ರ ‘ಬೆಳ್ಳಿಮೋಡ’ವನ್ನು ತೆಗೆದುಕೊಳ್ಳಿ. ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರವದು. ಕಥೆ ತ್ರಿವೇಣಿಯವರ ಕಾದಂಬರಿಯದು. ಇಂದು ಅದರ ಹೆಸರೆತ್ತಿದರೆ ಬೇಂದ್ರೆಯವರ ‘ಮೂಡಲ ಮನೆಯ’ ಹಾಡನ್ನೂ ಮಲೆನಾಡಿನ ಬೆಟ್ಟಸಾಲುಗಳನ್ನೂ ಎಲ್ಲರೂ ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಚಿತ್ರದ ನಿಜವಾದ ಸಾಧನೆ ಇರುವುದು ಅದರ ಕೊನೆಯಲ್ಲಿ. ಎಸ್ಟೇಟಿನ ಒಡೆಯರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ಹಣದಿಂದಲೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅವನು ಹಿಂದಿರುಗುವಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟಿ, ಆಸ್ತಿಗೆ ಬೇರೊಬ್ಬ ವಾರಸುದಾರ ಬಂದಿರುತ್ತಾನೆ. ಮೋಹನ ಕೊಟ್ಟ ಮಾತಿನಿಂದ ಹಿಂದೆ ಸರಿಯುತ್ತಾನೆ. ಮುಂದೊಮ್ಮೆ ಅವನು ಕಾಲು ಮುರಿದುಕೊಂಡು ಹಾಸಿಗೆ ಹಿಡಿದಾಗ ಅದೇ ಇಂದಿರಾ ಬೇಸರವಿಲ್ಲದೆ ಅವನ ಶುಶ್ರೂಷೆ ಮಾಡುತ್ತಾಳೆ; ಅವನ ಮನಸ್ಸು ಬದಲಾಗುತ್ತದೆ, ಮದುವೆಯಾಗೋಣವೆನ್ನುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ.

ಆ ನಿರಾಕರಣೆಯ ಹೊತ್ತಿಗೆ ಪ್ರೇಕ್ಷಕರಲ್ಲಿ ಬಹುಪಾಲು ಜನ ಮೋಹನನನ್ನು ಕ್ಷಮಿಸಿಬಿಟ್ಟಿರುತ್ತಾರೆ ಎಂಬುದನ್ನು ಗಮನಿಸಬೇಕು. ಪಶ್ಚಾತ್ತಾಪಪಟ್ಟ ಗಂಡು, ಸೇವೆ ಮಾಡಿದ ಹೆಣ್ಣು, ಇಬ್ಬರೂ ಒಂದೇ ಸೂರಿನಡಿ. ಇನ್ನು ಮಂಗಳವಾದ್ಯವೊಂದೇ ಬಾಕಿಯೆಂದು ನೋಡುವವರು ಲೆಕ್ಕ ಹಾಕಿರುತ್ತಾರೆ. ಅವಳ ಶುಶ್ರೂಷೆಯನ್ನು ನಾವೆಲ್ಲರೂ ಪ್ರೇಮವೆಂದು ಭಾವಿಸಿರುತ್ತೇವೆ. ಅದು ನೋವಿನಲ್ಲಿದ್ದ ಮನುಷ್ಯನೊಬ್ಬನಿಗೆ ಇನ್ನೊಬ್ಬರು ಮಾಡಬೇಕಾದ ಕೆಲಸವಾಗಿತ್ತಷ್ಟೇ ಎಂದು ತಿಳಿದಾಗ, ಮೋಹನನಷ್ಟೇ ನಾವೂ ಅವಳನ್ನು ಅರ್ಥಮಾಡಿಕೊಂಡಿರಲಿಲ್ಲವೆಂಬುದು ಬಯಲಾಗುತ್ತದೆ. ಖಳನಾಯಕನ ಸೋಲಿಲ್ಲ, ಸಾವಿಲ್ಲ, ಶಾಪವಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆಯೂ ಇಲ್ಲ. ಅವನು ಕಳೆದುಕೊಂಡದ್ದು ಅವನಿಗೆ ಮತ್ತೆ ಸಿಗುವುದಿಲ್ಲ, ಅಷ್ಟೇ. ನಾಯಕಿಗೆ ಮದುವೆಯಾಗುವುದೇ ಕಥೆಯ ಮುಕ್ತಾಯವೆಂದು ಚಿತ್ರರಂಗ ನಂಬಿದ್ದ ಕಾಲದಲ್ಲಿ, ಕೂಗಾಡದೆ, ಕಣ್ಣೀರಿನ ಭಾಷಣವಿಲ್ಲದೆ ಒಬ್ಬ ಹೆಣ್ಣುಮಗಳು ಬೇಡವೆಂದದ್ದು ದೊಡ್ಡ ಮಾತು. ತ್ರಿವೇಣಿಯವರು 1963ರಲ್ಲೇ ತೀರಿಕೊಂಡಿದ್ದರು. ತಾವು ಬರೆದ ಆ ಮುಕ್ತಾಯವನ್ನು ಇಂದಿರಾ ಆಗಿ ನಟಿಸಿದ ಕಲ್ಪನಾ ತೆರೆಯ ಮೇಲೆ ಎಷ್ಟು ಘನತೆಯಿಂದ ಒಯ್ದರೆಂಬುದನ್ನು ಅವರು ನೋಡಲಾಗಲಿಲ್ಲವಲ್ಲ ಎಂಬ ಸಂಕಟ ನನಗೆ ಪ್ರತಿಸಲವೂ ಆಗುತ್ತದೆ.

ಇದೇ ನಿರ್ದೇಶಕರ ಮುಂದಿನ ಚಿತ್ರಗಳ ಮುಕ್ತಾಯಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಚರ್ಚಿಸಲೇಬೇಕಾದ ಪ್ರಶ್ನೆಯೊಂದು ಏಳುತ್ತದೆ. ‘ಗೆಜ್ಜೆಪೂಜೆ’ಯ ಚಂದ್ರಾ ಸಾಯುತ್ತಾಳೆ, ‘ರಂಗನಾಯಕಿ’ ಸಾಯುತ್ತಾಳೆ, 1971ರ ‘ಶರಪಂಜರ’ದ ಕಾವೇರಿ ಗುಣವಾಗಿ ಮನೆಗೆ ಬಂದರೂ ಗಂಡನ ಮತ್ತು ಸುತ್ತಲಿನವರ ನಡವಳಿಕೆಯಿಂದ ಮತ್ತೆ ಮನಸ್ಸು ಕೆಟ್ಟು ಆಸ್ಪತ್ರೆಗೇ ಮರಳುತ್ತಾಳೆ. ಹೆಣ್ಣಿನ ಸಂಕಟವನ್ನು ಇಷ್ಟು ಆಳವಾಗಿ ಕಂಡ ನಿರ್ದೇಶಕರು ಆ ಸಂಕಟದಿಂದ ಹೊರಬರುವ ದಾರಿಯಾಗಿ ಸಾವನ್ನೋ ಹುಚ್ಚನ್ನೋ ಮತ್ತೆ ಮತ್ತೆ ಆರಿಸಿಕೊಂಡದ್ದೇಕೆ? ‘ಶರಪಂಜರ’ದ ವಿಷಯದಲ್ಲಿ ನನ್ನ ಆಕ್ಷೇಪಣೆಯಿಲ್ಲ, ಒಮ್ಮೆ ಹುಚ್ಚಿಯೆನ್ನಿಸಿಕೊಂಡವಳನ್ನು ಸಮಾಜ ಹೇಗೆ ಮತ್ತೆ ಹುಚ್ಚಿಯನ್ನಾಗಿಯೇ ಮಾಡುತ್ತದೆಂಬುದೇ ಕಥೆಯಾಗಿರುವುದರಿಂದ ಬೇರೆ ಯಾವ ಕೊನೆಯೂ ಅಲ್ಲಿ ಸುಳ್ಳಾಗುತ್ತಿತ್ತು. ಆದರೆ ಎಲ್ಲ ಕಡೆಯೂ ಆ ಅನಿವಾರ್ಯತೆ ಇತ್ತೆಂದು ನಾನು ಒಪ್ಪಲಾರೆ. ‘ನಾಗರಹಾವು’ ಚಿತ್ರದ ಕೊನೆಯಲ್ಲಿ ಚಿತ್ರದುರ್ಗದ ಬೆಟ್ಟದ ಮೇಲೆ ಚಾಮಯ್ಯ ಮೇಷ್ಟ್ರು ಬಿದ್ದು ಸತ್ತಮೇಲೆ ರಾಮಾಚಾರಿ ಅವರ ಹಿಂದೆಯೇ ಹೋಗುವುದು ನನಗೆ ಪೂರ್ತಿ ಒಪ್ಪಿಗೆ, ಏಕೆಂದರೆ ಆ ಹುಡುಗನ ಮಟ್ಟಿಗೆ ಜಗತ್ತಿನಲ್ಲಿ ಮಾತು ಕೇಳಬೇಕಾದ ಮನುಷ್ಯ ಅವರೊಬ್ಬರೇ, ಮತ್ತು ಆ ಮಾತು ಅವನನ್ನು ಎರಡು ಸಲ ಪ್ರೀತಿಯಿಂದ ದೂರ ತಳ್ಳಿದೆ. ಅವನು ಪ್ರೀತಿಸಿದ ಮಾರ್ಗರೆಟ್ ಕೂಡ ಅವನೊಡನೆ ಸಾಯಬೇಕಾದದ್ದಕ್ಕೆ ಚಿತ್ರ ಸಾಕಷ್ಟು ಕಾರಣ ಕೊಟ್ಟಿದೆಯೆಂದು ಮಾತ್ರ ನನಗೆ ಅನ್ನಿಸುವುದಿಲ್ಲ. 2018ರಲ್ಲಿ ಆ ಚಿತ್ರ ಹೊಸ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗ ಧ್ವನಿ ಮತ್ತು ಬಣ್ಣದ ಬಗ್ಗೆ ಜನ ಸಂಭ್ರಮಪಟ್ಟರು. ಈ ಪ್ರಶ್ನೆಯನ್ನು ಎತ್ತಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಇರಲಿಲ್ಲ.

ಚಿತ್ರ ಸುಖದಲ್ಲಿ ಮುಗಿಯಬೇಕೋ ದುಃಖದಲ್ಲೋ ಎಂಬ ವಾದ ನಮ್ಮಲ್ಲಿ ಹಳೆಯದು. ಸಂಸ್ಕೃತ ನಾಟಕಗಳ ಪರಂಪರೆ ನಾಯಕನ ಸಾವಿನಲ್ಲಿ ತೆರೆ ಎಳೆಯಲು ಸಾಮಾನ್ಯವಾಗಿ ಒಪ್ಪಲಿಲ್ಲ. ಗ್ರೀಕರ ರುದ್ರನಾಟಕದ ಗಾಂಭೀರ್ಯವನ್ನು ಕನ್ನಡಕ್ಕೆ ತರಲು ಬಿ.ಎಂ.ಶ್ರೀ ಅವರು ‘ಗದಾಯುದ್ಧ’ವನ್ನು ನಾಟಕವಾಗಿ ಹೊಂದಿಸಿ, ‘ಅಶ್ವತ್ಥಾಮನ್’ ಬರೆಯಬೇಕಾಯಿತು. ಆದರೆ ನಾಟ್ಯಶಾಸ್ತ್ರ ಮುಕ್ತಾಯದ ಬಗ್ಗೆ ಹೇಳಿದ ಇನ್ನೊಂದು ಮಾತು ಸುಖಾಂತ, ದುಃಖಾಂತ ಎರಡಕ್ಕೂ ಸಲ್ಲುತ್ತದೆ. ಕಥೆಯ ಐದು ಸಂಧಿಗಳಲ್ಲಿ ಮೊದಲನೆಯದಾದ ಮುಖಸಂಧಿಯಲ್ಲಿ ಬಿತ್ತಿದ ಬೀಜವೇ ಬೆಳೆಯುತ್ತಾ ಹೋಗಿ ಕೊನೆಯ ನಿರ್ವಹಣ ಸಂಧಿಯಲ್ಲಿ ಫಲವಾಗಬೇಕೆಂದು ಅದು ಹೇಳುತ್ತದೆ. ನಮ್ಮ ಮನಸ್ಸಿನಲ್ಲಿ ನಿಂತಿರುವ ಮುಕ್ತಾಯಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಈ ಮಾತಿನ ಸತ್ಯ ಕಾಣುತ್ತದೆ: ಮೊದಲ ರೀಲಿನಲ್ಲಿ ಒಬ್ಬ ಮನುಷ್ಯ ಎಂಥವನೆಂದು ತೋರಿಸಿದ್ದಾರೋ, ಆ ಗುಣವೇ ಕೊನೆಯ ರೀಲಿನಲ್ಲಿ ಅವನ ಮುಂದೆ ಬಂದು ನಿಲ್ಲುತ್ತದೆ, ಮತ್ತು ಅದಕ್ಕೆ ಅವನು ಬೆಲೆ ಕೊಡಬೇಕಾಗುತ್ತದೆ.

ಇದಕ್ಕೆ ‘ಕಸ್ತೂರಿ ನಿವಾಸ’ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ದೊರೈ-ಭಗವಾನ್ ನಿರ್ದೇಶನದ, 1971ರ ಆ ಚಿತ್ರದಲ್ಲಿ ರಾಜ್‌ಕುಮಾರ್ ಅವರ ರವಿವರ್ಮ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ, ಬೇಡಿ ಬಂದವರಿಗೆ ಇಲ್ಲವೆನ್ನಲು ತಿಳಿಯದ ಮನುಷ್ಯ. ಅವನ ಬಳಿ ಕೆಲಸಕ್ಕಿದ್ದವನು ಮೇಲೇರುತ್ತಾನೆ, ಅವನು ಇಳಿಯುತ್ತಾ ಬರುತ್ತಾನೆ, ಕೊನೆಗೆ ಮನೆಯಲ್ಲಿ ಉಳಿಯುವುದು ಅವನ ಪ್ರೀತಿಯ ಪಾರಿವಾಳ. ಜಯಂತಿಯವರ ನೀಲಾ ಆ ಮನೆಗೆ ಬರುತ್ತಾಳೆ; ಬಂದವಳನ್ನು ಊಟ ಮಾಡಿಸದೆ ಕಳಿಸುವುದು ಆ ಮನೆಯ ಪದ್ಧತಿಯಲ್ಲ. ಊಟದ ಏರ್ಪಾಟಾಗುತ್ತದೆ. ಉಂಡಮೇಲೆ ಅವಳು ತಾನು ಬಂದ ಕಾರಣ ಹೇಳುತ್ತಾಳೆ: ಮಗು ಹಟ ಹಿಡಿದಿದೆ, ಆ ಪಾರಿವಾಳ ಬೇಕು. ಅವಳ ಊಟದ ಏರ್ಪಾಟಿಗಾಗಿಯೇ ಪಾರಿವಾಳ ಮಾರಾಟವಾಗಿ ಅವನ ಕೈಬಿಟ್ಟುಹೋಗಿದೆ. ಜೀವನದಲ್ಲಿ ಮೊದಲ ಬಾರಿಗೆ ಕೊಡಲು ಏನೂ ಇಲ್ಲದ ಆ ಗಳಿಗೆಯನ್ನು ಅವನು ತಾಳಲಾರ.

ಕಥೆಯಾಗಿ ಹೇಳಿದರೆ ಇದು ಕಾಕತಾಳೀಯದ ಮೇಲೆ ನಿಂತ ಮುಕ್ತಾಯವೆನ್ನಿಸಬಹುದು. ತೆರೆಯ ಮೇಲೆ ಹಾಗೆ ಅನ್ನಿಸದಿರಲು ಕಾರಣ, ಆ ಎರಡು ಗಂಟೆಗಳ ಕಾಲ ಚಿತ್ರ ಬೇರೇನನ್ನೂ ಕಟ್ಟಿಲ್ಲದಿರುವುದು. ಕೈ ಮೇಲಾಗಿಯೇ ಬದುಕಿದವನಿಗೆ ಬಡತನವನ್ನು ಸಹಿಸುವ ಶಕ್ತಿಯಿದೆ, ಹಸಿವನ್ನು ಸಹಿಸುವ ಶಕ್ತಿಯಿದೆ. ಬೇಡಿದವರನ್ನು ಬರಿಗೈಯಲ್ಲಿ ಕಳಿಸುವ ಶಕ್ತಿ ಮಾತ್ರ ಇಲ್ಲ. ಮೊದಲಲ್ಲಿ, ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆಯ ಮೇಲೆ ಬಂದ ಹಾಡಿನ ರಾಗವೇ ಕೊನೆಯಲ್ಲಿ ಶೋಕದ ಧಾಟಿಯಲ್ಲಿ ಮರಳುತ್ತದೆ. ಜಿ.ಕೆ.ವೆಂಕಟೇಶ್ ಮತ್ತು ಚಿ.ಉದಯಶಂಕರ್ ಅವರ ಆ ಜೋಡಣೆ ಕೇವಲ ಹಾಡಿನ ಚಮತ್ಕಾರವಲ್ಲ, ಚಿತ್ರಕಥೆಯ ಕೆಲಸ. 2014ರಲ್ಲಿ ಬಣ್ಣ ತುಂಬಿ ಈ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದಾಗ, ಕಥೆ ಮೊದಲೇ ಗೊತ್ತಿದ್ದ ಜನರೇ ಹೆಚ್ಚಾಗಿ ಬಂದು ಕುಳಿತದ್ದು. ಕೊನೆ ಗೊತ್ತಿದ್ದರೆ ಚಿತ್ರ ಕೆಟ್ಟುಹೋಗುತ್ತದೆಂಬ ಇಂದಿನ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

‘ಬಂಗಾರದ ಮನುಷ್ಯ’ದ ವಿಷಯದಲ್ಲಂತೂ ಮುಕ್ತಾಯವನ್ನು ಮರೆತಿರುವುದು ನಮ್ಮ ತಿಳಿವಳಿಕೆಯನ್ನೇ ವಾಲಿಸಿದೆ. ಸಿದ್ದಲಿಂಗಯ್ಯನವರ ನಿರ್ದೇಶನದ, ಟಿ.ಕೆ.ರಾಮರಾಯರ ಕಾದಂಬರಿಯನ್ನಾಧರಿಸಿದ ಆ ಚಿತ್ರವನ್ನು ನೋಡಿ ಓದಿದ ಯುವಕರು ಹಳ್ಳಿಗೆ ಮರಳಿದರೆಂಬ ಮಾತನ್ನು ಎಲ್ಲ ಲೇಖನಗಳಲ್ಲೂ ಓದುತ್ತೇವೆ. ಬಂಡೆ ಸೀಳಿ ನೆಲವನ್ನು ಹಸನು ಮಾಡಿದ ರಾಜೀವ ಕೊನೆಗೆ ಅದೇ ನೆಲವನ್ನು ಬಿಟ್ಟು ಹೊರಟುಹೋಗುತ್ತಾನೆಂಬುದನ್ನು ಆ ಲೇಖನಗಳು ಹೇಳುವುದಿಲ್ಲ. ತಾನು ಸಾಕಿ ಬೆಳೆಸಿದ ಅಕ್ಕನ ಮಗನ ಬಾಯಿಂದ ಕೇಳಬಾರದ ಮಾತು ಕೇಳಿ, ಅರ್ಧ ಊಟಕ್ಕೆ ಎದ್ದು, ತನ್ನ ಪರವಾಗಿ ಒಂದು ಮಾತನ್ನೂ ಆಡದೆ ಹೋಗುತ್ತಾನೆ. ನಿಜ ತಿಳಿದ ಮೇಲೆ ಮನೆಯವರು ಪಶ್ಚಾತ್ತಾಪಪಟ್ಟರೂ ಅವನು ಸಿಗುವುದಿಲ್ಲ. ಮಣ್ಣಿಗಾಗಿ ಬದುಕಿದವನಿಗೆ ಮನೆ ಕೊಟ್ಟ ಪ್ರತಿಫಲ ಇದು ಎಂದು ಆ ಚಿತ್ರ ಎಷ್ಟು ಕಠಿಣವಾಗಿ ಹೇಳುತ್ತಿದೆ! ಬೇಸಾಯದ ಕುಟುಂಬಗಳಲ್ಲಿ ದುಡಿದವನೊಬ್ಬ, ಪಾಲು ಕೇಳುವವರು ಹಲವರು ಎಂಬ ಸ್ಥಿತಿಯನ್ನು ಕಂಡವರಿಗೆ ಆ ತಟ್ಟೆಯ ಮುಂದಿನಿಂದ ಏಳುವ ದೃಶ್ಯ ಸಿನಿಮಾದ ದೃಶ್ಯವಾಗಿ ಮಾತ್ರ ಉಳಿಯುವುದಿಲ್ಲ. ಚಿತ್ರ ಎರಡು ವರ್ಷ ಓಡಿದ್ದು ಹಾಡುಗಳ ಬಲದಿಂದ ಮಾತ್ರವೆಂದು ನಾನು ನಂಬಲಾರೆ.

ಮಾತಿಲ್ಲದೆ ಮುಗಿಯುವ ಚಿತ್ರಗಳಲ್ಲಿ ನನ್ನ ಮನಸ್ಸು ಮೊದಲು ಹೋಗುವುದು ‘ಘಟಶ್ರಾದ್ಧ’ದ ಕಡೆಗೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ಈ ಮೊದಲ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಪ್ರಶಸ್ತಿ ಬಂತು. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಗೆ ಆ ಮನೆಯಲ್ಲಿ ಆಸರೆಯಾದವಳು ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸುರಾದದ್ದು ಊರಿಗೆ ತಿಳಿದು, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಗಡಿಗೆ ಒಡೆಯುತ್ತಾನೆ. ನಾಣಿಯನ್ನು ಅವನ ತಂದೆ ಬಂದು ಕರೆದೊಯ್ಯುತ್ತಾನೆ. ಹೋಗುವಾಗ ಹುಡುಗನಿಗೆ ಕಾಣುವುದು ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತ ಯಮುನಕ್ಕ. ಅವನು ಏನನ್ನೂ ಮಾಡಲಾರ, ಕೇಳಲಾರ. ಇಡೀ ಚಿತ್ರವನ್ನು ನಾವು ಆ ಮಗುವಿನ ಕಣ್ಣಿನಿಂದಲೇ ನೋಡಿರುವುದರಿಂದ, ಕೊನೆಯಲ್ಲಿ ಆ ಮಗುವಿನ ಅಸಹಾಯಕತೆಯೂ ನಮ್ಮದೇ ಆಗುತ್ತದೆ. ಊರಿನವರನ್ನು ಬೈಯುವ ಒಂದು ಮಾತು ಅಲ್ಲಿ ಬಂದಿದ್ದರೆ ನಮ್ಮ ಕೋಪ ತೀರಿ ಹಗುರಾಗಿ ಹೊರಬರುತ್ತಿದ್ದೆವು. ನಿರ್ದೇಶಕರು ಆ ಸಮಾಧಾನವನ್ನು ಕೊಡಲಿಲ್ಲ. ಸಂರಕ್ಷಿಸಿ ಹೊಸದಾಗಿ ಸಿದ್ಧಪಡಿಸಿದ ಈ ಚಿತ್ರದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಹಳೆಯ ಚಿತ್ರಗಳ ರೀಲುಗಳಲ್ಲಿ ಹೆಚ್ಚು ಗೀರು ಬಿದ್ದು ಸವೆಯುವುದು ಪ್ರತಿ ರೀಲಿನ ಮೊದಲ ಮತ್ತು ಕೊನೆಯ ಅಡಿಗಳು. ಹೀಗಾಗಿ ಚಿತ್ರದ ಕಟ್ಟಕಡೆಯ ದೃಶ್ಯಗಳನ್ನು ಉಳಿಸಿಕೊಳ್ಳುವುದು ಸಂರಕ್ಷಣೆಯ ಕೆಲಸದಲ್ಲೂ ಹೆಚ್ಚಿನ ಕಾಳಜಿ ಬೇಡುವ ಭಾಗ. ನಮ್ಮ ಇನ್ನೂ ಎಷ್ಟೋ ಕಪ್ಪು-ಬಿಳುಪು ಚಿತ್ರಗಳು ಆ ಕಾಳಜಿಗಾಗಿ ಕಾಯುತ್ತಿವೆ.

ಇಂಥ ಮುಕ್ತಾಯಗಳು ವಿದ್ಯಾವಂತರಿಗೆ ಮಾತ್ರ ಅರ್ಥವಾಗುತ್ತವೆಂಬ ಮಾತನ್ನು ಯಾರೂ ಹೇಳಬಾರದು. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಎಪ್ಪತ್ತರ ದಶಕದಲ್ಲೇ ಹಳ್ಳಿಯ ಜನರಿಗೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ತೋರಿಸಿತು. ಆ ಚಿತ್ರದ ಕೊನೆಯಲ್ಲಿ, ಅಕ್ಕ ಕದ್ದಿದ್ದ ಸರವನ್ನು ಹುಡುಗ ಅಪು ಕೊಳಕ್ಕೆಸೆದು ಪಾಚಿ ಮತ್ತೆ ಮುಚ್ಚಿಕೊಳ್ಳುವುದನ್ನೂ, ಬಿಟ್ಟುಹೋದ ಮನೆಯೊಳಕ್ಕೆ ಹಾವು ಹರಿದು ಬರುವುದನ್ನೂ ಅರ್ಥಮಾಡಿಕೊಳ್ಳಲು ಮನೆ ಬಿಟ್ಟು ಹೋಗುವುದೆಂದರೇನೆಂದು ತಿಳಿದಿದ್ದರೆ ಸಾಕು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಸೀಮೆಯಲ್ಲಿ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಸುಖವಾಗಿ ಮುಗಿಯುವ ಚಿತ್ರಗಳನ್ನು ನಾನು ಕೀಳೆಂದು ಭಾವಿಸುವವನಲ್ಲ. ಗೊರೂರರ ಕಥೆಯಿಂದ ಬಂದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಪ್ರವಾಹದ ನಡುವೆ ಅಯ್ಯುವಿಗೂ ಗುಳ್ಳನಿಗೂ ಹಗೆ ತೀರುವಾಗ ಆಗುವ ಸಂತೋಷ ಪುಕ್ಕಟೆಯದಲ್ಲ; ಅಪ್ಪ ಸತ್ತಾಗ ಹೆಣ ಹೊರಲು ಊರಿನವರಾರೂ ಬಾರದ ಅವಮಾನದಿಂದ ಆರಂಭಿಸಿ ಅಯ್ಯು ಆ ಗಳಿಗೆಯವರೆಗೆ ನಡೆದು ಬಂದಿದ್ದಾನೆ. ‘ಮುಂಗಾರು ಮಳೆ’ಯಲ್ಲಿ ಪ್ರೀತಮ್ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು ಹೊರಟಾಗ ಜನ ಅತ್ತದ್ದು ದೇವದಾಸನೆಂಬ ಮೊಲ ಸತ್ತಾಗ, ಮಾತಿನ ಮಲ್ಲನಾದ ನಾಯಕನ ಬಾಯಿ ಕಟ್ಟಿಸಲು ಅದಕ್ಕಿಂತ ಸರಳವಾದ ಉಪಾಯ ಇರಲಿಲ್ಲ. ‘ಲೂಸಿಯಾ’ದಲ್ಲಿ ಯಾವುದು ಕನಸು, ಯಾವುದು ಎಚ್ಚರವೆಂಬ ಲೆಕ್ಕ ಕೊನೆಯಲ್ಲಿ ತಲೆಕೆಳಗಾಗುತ್ತದೆ, ಮತ್ತು ಅದು ತಿಳಿದ ಮೇಲೆ ಎರಡನೆಯ ಸಲ ನೋಡಿದರೆ ಬಡ ಹುಡುಗನ ಬಣ್ಣದ ಲೋಕಕ್ಕೂ ತಾರೆಯ ಕಪ್ಪು-ಬಿಳುಪಿನ ಲೋಕಕ್ಕೂ ಹೊಸ ಅರ್ಥ ಬರುತ್ತದೆ, ತಿರುವಿಗೆ ಬೆಲೆ ಬರುವುದು ಹಾಗೆ ಹಿಂದಿನದನ್ನು ಬೆಳಗಿದಾಗ. ‘ಕಾಂತಾರ’ದಲ್ಲಿ ಶಿವ ಅಧಿಕಾರಿಯ ಮತ್ತು ಊರಿನವರ ಕೈಗಳನ್ನು ಎದೆಗೊತ್ತಿಕೊಂಡು, ಬಳಿಕ ಅಪ್ಪನಂತೆಯೇ ಕಾಡಿನಲ್ಲಿ ಮರೆಯಾಗುವುದೂ ಮೊದಲ ದೃಶ್ಯಗಳ ಫಲವೇ.

ಇಷ್ಟು ಒಳ್ಳೆಯ ಪರಂಪರೆಯಿರುವ ಚಿತ್ರರಂಗದಲ್ಲಿ ಇತ್ತೀಚೆಗೆ ಮುಕ್ತಾಯವನ್ನೇ ಮುಂದೂಡುವ ಅಭ್ಯಾಸ ಬೆಳೆಯುತ್ತಿರುವುದು ನನ್ನನ್ನು ನೋಯಿಸುತ್ತದೆ. ಒಂದು ಕಥೆಗೆ ಎರಡು ಭಾಗಗಳು ನಿಜವಾಗಿ ಬೇಕಾಗಿದ್ದರೆ ಬರಲಿ. ಆದರೆ ಮೊದಲ ಭಾಗದ ಪಾತ್ರಗಳಿಗೆ ಅಲ್ಲಿಯೇ ಸಲ್ಲಬೇಕಾದ ಉತ್ತರವನ್ನು ತಡೆಹಿಡಿದು, ಕೊನೆಯ ನಿಮಿಷದಲ್ಲಿ ಹೊಸ ಖಳನ ಮುಖವೊಂದನ್ನು ತೋರಿಸಿ, ಮುಂದಿನ ಭಾಗದ ಘೋಷಣೆಯೊಂದಿಗೆ ತೆರೆ ಎಳೆಯುವುದು ಹಣ ಕೊಟ್ಟು ಬಂದವರಿಗೆ ಮಾಡುವ ಅನ್ಯಾಯ. ಇನ್ನೊಂದು ಕಡೆ, ಮುಗಿಯುವ ಚಿತ್ರಗಳನ್ನೂ ಮುಗಿಯಲು ಬಿಡುವುದಿಲ್ಲ. ನಮ್ಮ ಭಾಗದ ಚಿತ್ರಮಂದಿರವೊಂದರಲ್ಲಿ ಕೊನೆಯ ದೃಶ್ಯ ಇನ್ನೂ ತೆರೆಯ ಮೇಲಿರುವಾಗಲೇ ದೀಪ ಹಾಕಿ ಬಾಗಿಲು ತೆರೆದುಬಿಡುತ್ತಾರೆ; ಹೊರಗಿನ ಬೆಳಕು ಬಿದ್ದ ತೆರೆಯಲ್ಲಿ ನಟಿಯ ಮುಖ ಕಾಣುವುದಿಲ್ಲ. ಮೊಬೈಲಿನಲ್ಲಿ ನೋಡಿದರೆ ಹೆಸರುಗಳು ಮೂಡುವ ಮೊದಲೇ ಚಿತ್ರ ಮೂಲೆಗೆ ಸರಿದು, ಮುಂದಿನ ಚಿತ್ರಕ್ಕೆ ಕರೆ ಬರುತ್ತದೆ. ಕೊನೆಯ ದೃಶ್ಯ ಕಳೆದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಕುಳಿತುಕೊಳ್ಳುವ ಅವಕಾಶವೂ ಚಿತ್ರದ ಭಾಗವೇ ಎಂದು ಪ್ರದರ್ಶಕರು ತಿಳಿಯಬೇಕು.

ಆದ್ದರಿಂದ ತಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ, ಬಿಡುಗಡೆಯಾಗಿ ಕನಿಷ್ಠ ಹತ್ತು ವರ್ಷವಾದ ಚಿತ್ರಗಳ ಮುಕ್ತಾಯವನ್ನೇ ವಿಷಯವಾಗಿಟ್ಟುಕೊಂಡ ಅಂಕಣವೊಂದನ್ನು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಪ್ರಕಟಿಸಬೇಕೆಂದು ಕೋರುತ್ತೇನೆ. ವಿಮರ್ಶಕರ ಜೊತೆಗೆ ಸಂಕಲನಕಾರರೂ ಸಂಭಾಷಣೆಕಾರರೂ ಅಲ್ಲಿ ಬರೆಯಲಿ: ಯಾವ ಚಿತ್ರದ ಕೊನೆಯನ್ನು ಚಿತ್ರೀಕರಣದ ನಂತರ ಬದಲಿಸಲಾಯಿತು, ಏಕೆ ಬದಲಿಸಲಾಯಿತು, ಮೂಲ ಕಾದಂಬರಿಯಿಂದ ಅದು ಎಲ್ಲಿ ದೂರ ಸರಿಯಿತು ಎಂಬುದನ್ನು ತಿಳಿದಿರುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ನೆನಪುಗಳು ದಾಖಲಾಗಬೇಕಾದ ಕಾಲ ಇದು. ಓದುಗರಿಗೂ ಸ್ಥಳ ಕೊಡಿ. ಮಾರ್ಗರೆಟ್ ಸಾಯಬೇಕಿತ್ತೇ ಎಂಬ ಒಂದೇ ಪ್ರಶ್ನೆಗೆ ತಮ್ಮ ಕಚೇರಿಗೆ ಬರುವ ಪತ್ರಗಳನ್ನು ಪ್ರಕಟಿಸಲು ಪುರವಣಿಯ ಎರಡು ಪುಟಗಳು ಸಾಲಲಾರವೆಂದು ನನ್ನ ಎಣಿಕೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ಸಾಗರ